ಮೆಗಾಪಿಕ್ಸೆಲ್ ಬರೀತೀರಿ, ಬ್ಯಾಟರಿ ಖರ್ಚು ಯಾಕೆ ಬರೆಯಲ್ಲ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಹೊಸ ಮೊಬೈಲ್‌ಗಳ ಬಗ್ಗೆ ಅರ್ಧ ಪುಟ ಬರುತ್ತದೆ. ನಾನು ತಪ್ಪದೆ ಓದುತ್ತೇನೆ. ಓದಲೇಬೇಕು, ಯಾಕಂದ್ರೆ ಆ ಪುಟದಲ್ಲಿ ಇವತ್ತು ಮಿಂಚುವ ಫೋನು ಒಂದೂವರೆ, ಎರಡು ವರ್ಷಕ್ಕೆ ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ. ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಒಂದು ಮೇಜು, ಒಂದು ಮೈಕ್ರೋಸ್ಕೋಪು, ಎರಡು ಸೋಲ್ಡರಿಂಗ್ ಕಡ್ಡಿ, ಒಬ್ಬ ಹುಡುಗ. ಅಷ್ಟೇ. ಈ ಪತ್ರ ಆ ಅರ್ಧ ಪುಟದ ಬಗ್ಗೆಯೇ, ಆದರೆ ಸ್ವಲ್ಪ ಸುತ್ತಿ ಬರುತ್ತೇನೆ, ಬೇಸರ ಮಾಡ್ಕೋಬೇಡಿ.

ನಮ್ಮ ಅಪ್ಪ ಹಳೇ ಬಾಗಲಕೋಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಆಲಮಟ್ಟಿ ಹಿನ್ನೀರಿಗೆ ತಗ್ಗಿನ ಓಣಿಗಳು ಹೋದಾಗ ಆ ಅಂಗಡಿಯೂ ಹೋಯಿತು, ನಾವು ನವನಗರಕ್ಕೆ ಬಂದೆವು. ಮುಳುಗಡೆ ಪರಿಹಾರದ ಚೆಕ್ಕಿಗಿಂತ ಜಾಸ್ತಿ ಜೋಪಾನ ಮಾಡಿ ಅಪ್ಪ ತಂದದ್ದು ಒಂದು ತಗಡಿನ ಟ್ರಂಕು. ಅದರ ತುಂಬಾ ಸರ್ಕಿಟ್ ನಕ್ಷೆಗಳು. ಆಗಿನ ಎಷ್ಟೋ ರೇಡಿಯೋಗಳ, ಆಮೇಲೆ ಬಂದ ಟಿವಿಗಳ ಹಿಂದಿನ ಮುಚ್ಚಳದ ಒಳಗೇ ನಕ್ಷೆ ಅಂಟಿಸಿರುತ್ತಿದ್ದರು. ಇಂಥ ಕಡೆ ಇಷ್ಟು ವೋಲ್ಟ್ ಬರಬೇಕು ಅಂತ ಅಂಕಿ ಸಮೇತ. ಮಾಡಿದವನೇ ಒಪ್ಪಿಕೊಂಡಂತೆ ಅದು: ಇದು ಒಂದಿನ ಕೆಡುತ್ತದೆ, ಕೆಟ್ಟಾಗ ಇಲ್ಲಿ ಹಿಡಿದು ನೋಡಿ. ಈಗ ನನಗೆ ಒಂದು ಫೋನಿನ ನಕ್ಷೆ ಬೇಕು ಅಂದರೆ ಕಂಪನಿ ಕೊಡುವುದಿಲ್ಲ. ಹೊರದೇಶದಲ್ಲಿ ಯಾರೋ ಹೇಗೋ ಹೊರಗೆ ತಂದ ಫೈಲುಗಳಿಗೆ ವರ್ಷಕ್ಕಿಷ್ಟು ಅಂತ ಚಂದಾ ಕಟ್ಟಿ ನೋಡಬೇಕು. ನಮ್ಮ ಧಂದೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಗಿರಾಕಿಗಳಿಗೆ ಗೊತ್ತಿಲ್ಲ.

2007ರ ಆಗಸ್ಟ್ ನಿಮಗೆ ನೆನಪಿರಬಹುದು. ನೋಕಿಯಾದ ಬಿಎಲ್-5ಸಿ ಬ್ಯಾಟರಿ ಗಲಾಟೆ. ಮತ್ಸುಶಿತಾ ಕಂಪನಿ ಮಾಡಿಕೊಟ್ಟ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ವಿಪರೀತ ಬಿಸಿಯಾಗಬಹುದು ಅಂತ ನೋಕಿಯಾ ಎಚ್ಚರಿಕೆ ಕೊಟ್ಟಿತ್ತು. ಊರಿಗೆ ಊರೇ ಫೋನಿನ ಬೆನ್ನು ತೆಗೆದು ಬ್ಯಾಟರಿ ಮೇಲಿನ ನಂಬರ್ ಓದುತ್ತಾ ಕೂತಿತ್ತು. ಬಸ್ ಸ್ಟ್ಯಾಂಡಿನಲ್ಲಿ, ಚಹಾದ ಅಂಗಡಿಯಲ್ಲಿ, ಎಲ್ಲಾ ಕಡೆ ಅದೇ. ಹೆದರಿಕೆ ಇತ್ತು ನಿಜ, ಆದರೆ ಒಂದು ಮಾತು ಗಮನಿಸಿ: ಅಕ್ಷರ ಬಾರದ ಹಮಾಲರೂ ತಮ್ಮ ಫೋನನ್ನು ತಾವೇ ಬಿಚ್ಚಿದ್ದರು, ಉಗುರಿನಿಂದ. ಇವತ್ತು ಅಂಥದೇ ಸುದ್ದಿ ಬಂದರೆ ಬ್ಯಾಟರಿಯ ಮುಖ ನೋಡುವುದಕ್ಕೇ ನನ್ನ ಹತ್ತಿರ ಬರಬೇಕು, ನಾನು ಹೀಟ್ ಪ್ಲೇಟ್ ಮೇಲಿಟ್ಟು ಅಂಟು ಕರಗಿಸಬೇಕು, ಪ್ಲಾಸ್ಟಿಕ್ ಕಾರ್ಡು ತೂರಿಸಿ ಹಿಂದಿನ ಗಾಜು ಎಬ್ಬಿಸಬೇಕು, ಅದು ಒಡೆದರೆ ಅದರ ದುಡ್ಡೂ ಗಿರಾಕಿಯ ತಲೆಗೆ. ಒಳಗೆ ಬ್ಯಾಟರಿಯನ್ನೂ ಅಂಟಿಸಿರುತ್ತಾರೆ. ಕೀಳುವಾಗ ಸ್ವಲ್ಪ ಬಾಗಿದರೆ ಹೊಗೆ. ನನ್ನ ಎಡಗೈ ಹೆಬ್ಬೆರಳ ಮೇಲೆ ಅದರ ಗುರುತು ಇದೆ.

ಬ್ಯಾಟರಿ ಅಂದರೆ ಎಣ್ಣೆ ಬತ್ತಿ ಇದ್ದ ಹಾಗೆ, ಉರಿದಷ್ಟೂ ತೀರುತ್ತದೆ. ಐದುನೂರು ಸಲ ಪೂರ್ತಿ ಚಾರ್ಜ್ ಆದಮೇಲೆ ಅದರ ಕಸುವು ಸುಮಾರು 80 ಪರ್ಸೆಂಟಿಗೆ ಇಳಿಯುತ್ತದೆ ಅಂತ ಆ್ಯಪಲ್‌ನವರೇ ತಮ್ಮ ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವುಗಳಿಗೆ ಹೇಳಿದ್ದಾರೆ. ದಿನಕ್ಕೊಂದು ಸಲ ಅಂದರೂ ಹೆಚ್ಚುಕಡಿಮೆ ಒಂದೂವರೆ ವರ್ಷ ಆಯಿತು. ಅದರ ಮೇಲೆ ನಮ್ಮ ಕಡೆಯ ಬಿಸಿಲು. ಏಪ್ರಿಲ್, ಮೇನಲ್ಲಿ ಟ್ರ್ಯಾಕ್ಟರ್ ಮುಂದೆ ಫೋನ್ ಸಿಕ್ಕಿಸಿ ಹೊಲಕ್ಕೆ ಹೋಗುತ್ತಾರೆ, ಸಂಜೆಗೆ ಬ್ಯಾಟರಿ ಉಬ್ಬಿ ಡಿಸ್ಪ್ಲೇ ಮೇಲೆದ್ದಿರುತ್ತದೆ, ಸರಿಯಾಗಿ ಉಬ್ಬಿದ ರೊಟ್ಟಿಯ ಹಾಗೆ. ಬ್ಯಾಟರಿ ತೀರುವುದು ಯಾರ ತಪ್ಪೂ ಅಲ್ಲ. ತೀರುತ್ತದೆ ಅಂತ ಗೊತ್ತಿದ್ದ ವಸ್ತುವನ್ನು ಯಾರೂ ತೆಗೆಯಬಾರದು ಅನ್ನೋ ಹಾಗೆ ಒಳಗಿಟ್ಟು ಅಂಟಿಸುತ್ತಾರಲ್ಲ, ನನ್ನ ಸಿಟ್ಟು ಅದರ ಮೇಲೆ.

ಫೋನ್ ನಿಧಾನ ಆಗಿದೆ, ಹೊಸದು ತಗೋತೀನಿ ಅಂತ ಬರುವ ಗಿರಾಕಿಗೆ ನಾನು ಯಾವಾಗಲೂ ಒಂದು ಕಥೆ ಹೇಳುತ್ತೇನೆ. 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಒಂದು ಮಾತು ಒಪ್ಪಿಕೊಂಡಿತು. ಬ್ಯಾಟರಿ ಹಳತಾದ ಕೆಲವು ಐಫೋನ್‌ಗಳು ಏಕಾಏಕಿ ಬಂದ್ ಆಗಬಾರದು ಅಂತ ತಾವೇ ಸಾಫ್ಟ್‌ವೇರ್‌ನಿಂದ ಅವುಗಳ ವೇಗ ತಗ್ಗಿಸುತ್ತಿದ್ದೇವೆ ಅಂತ. ಜನ ರೊಚ್ಚಿಗೆದ್ದರು. 2018ರಲ್ಲಿ ನಮ್ಮ ದೇಶದಲ್ಲಿ 6,500 ರೂಪಾಯಿ ಇದ್ದ ಬ್ಯಾಟರಿ ಬದಲಾವಣೆಯನ್ನು 2,000ಕ್ಕೆ ಇಳಿಸಿದರು, ತೆರಿಗೆ ಬೇರೆ. ಹೊಸ ಬ್ಯಾಟರಿ ಬಿದ್ದರೆ ಫೋನ್ ಮತ್ತೆ ಮೊದಲಿನ ಹಾಗೆ ಓಡುತ್ತಿತ್ತು. ಅದು ಗೊತ್ತಿಲ್ಲದೆ ಎಷ್ಟು ಜನ ಸುಮ್ನೆ ಹೊಸ ಫೋನ್ ಕೊಂಡಿದ್ದರೋ.

ಈಗ ಒಬ್ಬ ಅಜ್ಜಿಯ ವಿಷಯ. ಬೀಳಗಿ ಕಡೆಯ ಹಳ್ಳಿಯವರು. ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ, ಅವನು ಬಿಟ್ಟುಹೋದ ಹಳೇ ಫೋನು ಅವರ ಕೈಯಲ್ಲಿ. ಸೀರೆ ಸೆರಗಿನ ತುಂಡಿನಲ್ಲೇ ಸುತ್ತಿ ಇಟ್ಟುಕೊಂಡಿದ್ದರು, ಒಂದು ಗೀರು ಇಲ್ಲ. ಮೊಮ್ಮಗನ ಮುಖ ನೋಡುವ ಆ್ಯಪ್ ಒಂದಿನ ಬೆಳಗ್ಗೆ ತೆರೆಯಲಿಲ್ಲ. ನೋಡಿದೆ. ಬ್ಯಾಟರಿ ಸರಿ, ಡಿಸ್ಪ್ಲೇ ಸರಿ, ಸ್ಪೀಕರ್ ಸರಿ, ಚಾರ್ಜಿಂಗ್ ಪಿನ್ ಕೂಡ ಸಡಿಲ ಆಗಿಲ್ಲ. ಫೋನಿನ ಆಂಡ್ರಾಯ್ಡ್ ಹಳೇದು, ಆ್ಯಪ್ ಹೊಸದು ಕೇಳುತ್ತಿದೆ, ಹೊಸದು ಹಾಕಲು ಫೋನ್ ಮಾಡಿದವರು ಅಪ್‌ಡೇಟ್ ಕೊಡುವುದನ್ನು ಯಾವಾಗಲೋ ಬಿಟ್ಟಿದ್ದಾರೆ.

"ಫೋನ್ ಕೆಟ್ಟಿಲ್ಲಬೇ ಯವ್ವಾ" ಅಂದೆ.

"ಹಂಗಾರ ಆ್ಯಪ್ ಕೆಟ್ಟೇತೇನು?"

"ಅದೂ ಕೆಟ್ಟಿಲ್ಲ."

"ಮತ್ತ ಕೆಟ್ಟಿದ್ದು ಯಾವುದೋ ತಮ್ಮಾ?"

ಮೂವತ್ತು ವರ್ಷದ ಧಂದೆಯಲ್ಲಿ ಗಿರಾಕಿ ಕೇಳಿದ್ದಕ್ಕೆ ಉತ್ತರ ಇಲ್ಲದೆ ಕೂತದ್ದು ಕಡಿಮೆ. ಅವತ್ತು ಕೂತೆ. ಸೆಕೆಂಡ್ ಹ್ಯಾಂಡ್ ಒಂದನ್ನು ಹುಡುಕಿಕೊಟ್ಟೆ, ಎರಡು ತಿಂಗಳ ಗೃಹಲಕ್ಷ್ಮಿ ದುಡ್ಡು ಅದಕ್ಕೇ ಹೋಯಿತು. ಹಳೇದನ್ನು ಅವರು ನನಗೆ ಕೊಡಲಿಲ್ಲ. ಕೆಡದೇ ಇರೋದನ್ನು ಯಾಕೆ ಬಿಡಲಿ ಅಂದರು, ಮತ್ತೆ ಸುತ್ತಿ ಇಟ್ಟುಕೊಂಡರು.

ಕಂಪನಿಗಳ ಕಡೆಯೂ ನ್ಯಾಯ ಇದೆ, ಇಲ್ಲ ಅನ್ನಲ್ಲ. ಆಂಡ್ರಾಯ್ಡ್ 4.4 ಬಂದದ್ದು 2013ರಲ್ಲಿ, ವಾಟ್ಸ್ಆ್ಯಪ್ ಅದರ ಕೈಬಿಟ್ಟದ್ದು 2025ರ ಜನವರಿಯಲ್ಲಿ. ಹನ್ನೊಂದು ವರ್ಷ ಕಡಿಮೆ ಅಲ್ಲ. ಹಳೇ ಸಾಫ್ಟ್‌ವೇರ್‌ನಲ್ಲಿ ಕಳ್ಳರಿಗೆ ಕಿಂಡಿ ಇರುತ್ತದೆ, ಬ್ಯಾಂಕಿನ ಆ್ಯಪ್ ಅಂಥದರ ಮೇಲೆ ನಡೆಸಬಾರದು ಅನ್ನುವುದೂ ಸರಿ. ನನ್ನ ತಕರಾರು ಬೇರೆ. ಈ ಫೋನಿಗೆ ಇಂಥ ವರ್ಷದವರೆಗೆ ಮಾತ್ರ ಅಪ್‌ಡೇಟ್ ಅಂತ ಕೊಳ್ಳುವ ದಿನವೇ ಯಾಕೆ ಹೇಳಲ್ಲ? ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಎಸ್24ಕ್ಕೆ ಏಳು ವರ್ಷ ಕೊಡುತ್ತೇವೆ ಅಂದವು. ಒಳ್ಳೇದು. ಆದರೆ ಅವು ಬಿಡುಗಡೆ ಆದಾಗ 75,000 ರೂಪಾಯಿಗೂ ಮೇಲಿದ್ದ ಫೋನುಗಳು. ನನ್ನ ಗಿರಾಕಿಗಳು ಕೊಳ್ಳುವುದು ಹತ್ತು ಸಾವಿರದ್ದು. ದುಡ್ಡಿದ್ದವನ ಫೋನು ಏಳು ವರ್ಷ ಬಾಳುತ್ತದೆ, ಇಲ್ಲದವನದು ಬೇಗ ಮುದಿಯಾಗುತ್ತದೆ. ಲೆಕ್ಕ ಹಾಕಿದರೆ ಬಡವನಿಗೇ ತುಟ್ಟಿ ಬೀಳುತ್ತದೆ ಅಲ್ವಾ?

ಕಂಪ್ಯೂಟರಿನದೂ ಇದೇ ಹಣೆಬರಹ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ಅದು ಹೆಚ್ಚುಕಡಿಮೆ ಒಳಗೇ ಬಿಡುವುದಿಲ್ಲ. ಲಗ್ನಪತ್ರಿಕೆ ಮಾಡುವವರೊಬ್ಬರ ಕಂಪ್ಯೂಟರ್ ಹಾಗೆ ಸಿಕ್ಕಿಹಾಕಿಕೊಂಡಿತ್ತು. ನಾನು ಬಲು ಉಮೇದಿನಿಂದ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟೆ. ಮರುದಿನ ತಲೆ ಮೇಲೆ ಹೊತ್ತುಕೊಂಡು ವಾಪಸ್ ಬಂದರು. ಅವರ ಇಪ್ಪತ್ತು ವರ್ಷದ ಪತ್ರಿಕೆಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿವೆ, ನುಡಿ ಮಾಡಿರುವುದು ವಿಂಡೋಸ್‌ಗೆ. ಅದು ನನ್ನ ತಲೆಗೇ ಹೊಳೆದಿರಲಿಲ್ಲ, ತಪ್ಪು ನನ್ನದೇ. ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುವ ದಾರಿ ಇತ್ತು, ಅದರಲ್ಲಿ ಸೇರಿಸಿ ಕಳಿಸಿದೆ.

ಇಷ್ಟು ದಿನ ಗಿರಾಕಿಗಳು "ಹೋಗ್ಲಿ ಬಿಡ್ರಿ, ಹೊಸದು ತಗೊಂಡ್ರಾತು" ಅನ್ನುತ್ತಿದ್ದರು. ಈಗ ಅದೂ ಸುಲಭ ಉಳಿದಿಲ್ಲ. 2025ರ ಕೊನೆಯಿಂದ ಫೋನು, ಕಂಪ್ಯೂಟರಿನ ಒಳಗೆ ಹಾಕುವ ಮೆಮೊರಿ ಚಿಪ್ ರೇಟು ಏರಿದೆ. ಜಗತ್ತಿನ ಮೆಮೊರಿ ಬಹುಪಾಲು ಮಾಡುವವರು ಮೂರೇ ಮೂರು ಜನ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ನಡೆಸುವ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಜಾಸ್ತಿ, ಎಲ್ಲರೂ ಆ ಕಡೆ ತಿರುಗಿದ್ದಾರೆ. ಮೈಕ್ರಾನ್ ಅಂತೂ ಕ್ರೂಶಿಯಲ್ ಅನ್ನುವ ತನ್ನ ಹೆಸರಿನಲ್ಲಿ ನಮ್ಮಂಥ ಸಾಮಾನ್ಯರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹಳೇ ಕಂಪ್ಯೂಟರಿಗೆ ಜೀವ ತುಂಬಲು ನಾನು ಎಷ್ಟೋ ಸಲ ಹಾಕಿದ ರ‍್ಯಾಮ್ ಅದು. ಎಲ್ಲೋ ಅಮೆರಿಕದಲ್ಲಿ ಎಐ ಕಟ್ಟುತ್ತಾರೆ, ಅದರ ಬಿಸಿ ಮುಧೋಳದ ಕಬ್ಬಿನವರ ಜೇಬಿಗೆ ತಾಗುತ್ತದೆ.

ಮೊನ್ನೆ ಒಬ್ಬ ಕಾಕಾ ಅಂಗಡಿಯಲ್ಲಿ ಕೂತು ಮಗನ ಮೊಬೈಲಿನಲ್ಲಿ ಹೊಸ ಫೋನಿನ ಜಾಹೀರಾತು ನೋಡುತ್ತಿದ್ದರು. "ಎಐ ಫೋನ್ ಅಂದ್ರ ಏನ್ರಿ?" ಅಂತ ಕೇಳಿದರು. ಬುದ್ಧಿ ಇರೋ ಫೋನಂತೆ ಕಾಕಾ ಅಂದೆ. "ಬುದ್ಧಿ ನನ್ನ ಹಂತ್ಯಾಕ ಐತಿ, ಅದರಾಗ ಚಾರ್ಜ್ ಸಂಜೀತನ ನಿಂತರ ಸಾಕು" ಅಂದರು. ಆಮೇಲೆ ಹಳೇ ಫೋನಿಗೇ ಬ್ಯಾಟರಿ ಹಾಕಿಸಿಕೊಂಡು ಹೋದರು.

ಎಲ್ಲರಿಗೂ ಕಾಕಾನ ತಾಳ್ಮೆ ಇರಲ್ಲ. ಹುಡುಗರು ಕಂತಿನ ಮೇಲೆ ಕೊಳ್ಳುತ್ತಾರೆ. ಕಂತು ಒಂದು ತಪ್ಪಿದರೆ ಸಾಲ ಕೊಟ್ಟ ಕೆಲವರು ದೂರದಿಂದಲೇ ಫೋನ್ ಲಾಕ್ ಮಾಡುತ್ತಾರೆ. ಗುಳೇದಗುಡ್ಡದಿಂದ ಒಬ್ಬ ನೇಕಾರ ಹುಡುಗ ಅಂಥ ಫೋನ್ ಹಿಡಿದು ಬಂದಿದ್ದ, ಹೇಗಾದರೂ ಬಿಚ್ಚಿಕೊಡಿ ಅಂತ. ನಾನು ಅಂಥ ಕೆಲಸ ಮುಟ್ಟಲ್ಲ, ಕಳಿಸಿದೆ. ಆದರೆ ಅವನು ಹೇಳಿದ ಮಾತು ಇನ್ನೂ ಕೊರೆಯುತ್ತಿದೆ. ಅವನ ಹಳೇ ಫೋನಿಗೆ ಆಗಿದ್ದು ಬರೀ ಡಿಸ್ಪ್ಲೇ ಒಡೆದದ್ದು. ಕಂಪನಿಯ ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿ, ನೂರು ಕಿಲೋಮೀಟರ್‌ಗೂ ಜಾಸ್ತಿ, ಹೋಗಿ ಬರುವುದಕ್ಕೆ ಒಂದು ದಿನದ ದುಡಿಮೆ ಹೋಗುತ್ತದೆ. ಅಲ್ಲಿ ಹೇಳಿದ ರೇಟು ಫೋನಿನ ಅರ್ಧ ಬೆಲೆ. ಹೊಸದೇ ಲೇಸು ಅಂತ ಸಾಲಕ್ಕೆ ಬಿದ್ದ.

ನಮ್ಮ ಹತ್ತಿರ ಹಾಕಿಸಬಹುದಿತ್ತಲ್ಲ ಅಂತ ಕೇಳಬಹುದು. ಹಾಕುತ್ತಿದ್ದೆ, ಆದರೆ ಕಾಂಬೋ, ಅಂದರೆ ಡಿಸ್ಪ್ಲೇ ಮತ್ತು ಟಚ್ ಸೇರಿದ ಭಾಗ, ಒರಿಜಿನಲ್ ನಮಗೆ ಸಿಗುವುದಿಲ್ಲ. ಕಂಪನಿಗಳು ತಮ್ಮ ಸೆಂಟರ್‌ಗಳಿಗೆ ಕೊಡುತ್ತವೆ, ನಮಗಿಲ್ಲ. ನಾವು ಬೆಂಗಳೂರಿನ ಎಸ್‌ಪಿ ರೋಡಿಗೆ ಫೋನ್ ಮಾಡುತ್ತೇವೆ, ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಬರುತ್ತದೆ, ಬೆಳಗ್ಗೆ ಬಿಚ್ಚಿದರೆ ಅದು ಕಾಪಿಯೋ, ಹಳೇ ಫೋನಿಂದ ತೆಗೆದದ್ದೋ ದೇವರಿಗೇ ಗೊತ್ತು. ಐಫೋನ್ ಆದರೆ ಇನ್ನೊಂದು ಅವಮಾನ: ಬೇರೆ ಡಿಸ್ಪ್ಲೇ ಹಾಕಿದರೆ ಇದು ಗುರುತಿಲ್ಲದ ಭಾಗ ಅಂತ ಸೆಟ್ಟಿಂಗ್ಸ್‌ನಲ್ಲಿ ಬರೆದು ತೋರಿಸುತ್ತದೆ. ಒಂದೊಂದು ಭಾಗಕ್ಕೂ ಒಂದೊಂದು ನಂಬರ್ ಕೊಟ್ಟು ಬೋರ್ಡಿನ ಜೊತೆ ಗಂಟು ಹಾಕಿರುತ್ತಾರೆ. ಅಮೆರಿಕದ ಆರೆಗಾನ್ ರಾಜ್ಯ ಇಂಥ ಗಂಟಿಗೆ 2024ರಲ್ಲಿ ಕಾನೂನು ಮಾಡಿ ತಡೆ ಹಾಕಿತು.

ನಮ್ಮ ಜನರಲ್ಲೂ ಕಳ್ಳರಿದ್ದಾರೆ, ಮುಚ್ಚಿಡುವುದು ಏನಿದೆ. ಕಾಪಿ ಬ್ಯಾಟರಿ ಹಾಕಿ ಒರಿಜಿನಲ್ ರೇಟು ತಗೊಳ್ಳುವವರು, ಗಿರಾಕಿಯ ಫೋಟೋ ಗ್ಯಾಲರಿ ತೆರೆದು ನೋಡುವ ಹಲ್ಕಟ್ ಹುಡುಗರು. ಹೆಣ್ಣುಮಕ್ಕಳು ಫೋನ್ ಕೊಟ್ಟು ಅಂಗಡಿಯಲ್ಲೇ ಕಣ್ಣು ಮಿಟುಕಿಸದೆ ನಿಲ್ಲುವುದು ಅದಕ್ಕೇ, ನನಗೆ ಬೇಸರ ಇಲ್ಲ. ಸ್ಯಾಮ್‌ಸಂಗ್, ಪಿಕ್ಸೆಲ್‌ನ ಈಚಿನ ಫೋನುಗಳಲ್ಲಿ ರಿಪೇರಿಗೆ ಕೊಡುವಾಗ ಹಾಕುವ ಒಂದು ಮೋಡ್ ಇದೆ, ಅದನ್ನು ಹಾಕಿದರೆ ನಮಗೆ ನಿಮ್ಮ ಫೋಟೋ, ಮೆಸೇಜು ಏನೂ ಕಾಣುವುದಿಲ್ಲ, ಆದರೂ ಕೆಲಸ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಹಾಕಿಕೊಂಡು ಬಂದ ಗಿರಾಕಿ ಇದುವರೆಗೆ ಒಬ್ಬರೂ ಇಲ್ಲ, ನಾನೇ ಹೇಳಿ ಹಾಕಿಸುತ್ತೇನೆ. ಆದರೆ ಕಳ್ಳರ ನೆಪ ಹೇಳಿ ಭಾಗಗಳನ್ನೂ ನಕ್ಷೆಗಳನ್ನೂ ಬಚ್ಚಿಟ್ಟರೆ ಕಳ್ಳರಿಗೇ ಅನುಕೂಲ, ಕಾಪಿ ಮಾಲು ಓಡುವುದು ಒರಿಜಿನಲ್ ಸಿಗದಿದ್ದಾಗಲೇ.

ಸರ್ಕಾರ ಏನೂ ಮಾಡಿಲ್ಲ ಅನ್ನುವಂತಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್, ಅಂದರೆ ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗುವ ವೆಬ್‌ಸೈಟ್, ಶುರು ಮಾಡಿತು. 2024ರಲ್ಲಿ ಒಂದು ಸಮಿತಿ ಮಾಡಿದರು, ಅದು 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಒಂದು ಫೋನು ಎಷ್ಟು ಸುಲಭವಾಗಿ ಬಿಚ್ಚುತ್ತದೆ, ಬಿಡಿಭಾಗ ಎಷ್ಟು ಬೇಗ ಸಿಗುತ್ತದೆ, ರಿಪೇರಿ ಮಾಹಿತಿ ಕೊಡುತ್ತಾರಾ, ಎಂಥ ಸ್ಕ್ರೂ, ಎಂಥ ಟೂಲು, ಎಷ್ಟು ದಿನ ಅಪ್‌ಡೇಟ್, ಇದೆಲ್ಲ ನೋಡಿ ಐದಕ್ಕೆ ಇಷ್ಟು ಅಂತ ಅಂಕ ಕೊಡಬೇಕು, ಆ ಅಂಕವನ್ನು ಮಾರುವ ಕಡೆ, ಆನ್‌ಲೈನಿನಲ್ಲಿ, ಡಬ್ಬಿಯ ಕ್ಯೂಆರ್ ಕೋಡಿನಲ್ಲಿ ತೋರಿಸಬೇಕು ಅಂತ ಅದರಲ್ಲಿದೆ. ಓದಿದಾಗ ಯಾರೋ ನನ್ನ ಮೇಜಿನ ಪಕ್ಕ ಕೂತು ಬರೆದಂತೆ ಅನ್ನಿಸಿತು. ಆದರೆ ನನ್ನ ಅಂಗಡಿಗೆ ಬರುವ ಹೊಸ ಫೋನಿನ ಡಬ್ಬಿಗಳ ಮೇಲೆ ಅಂಥ ಅಂಕ ನಾನಿನ್ನೂ ಕಂಡಿಲ್ಲ. ಫ್ರಾನ್ಸಿನಲ್ಲಿ 2021ರ ಜನವರಿಯಲ್ಲೇ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಲು ಶುರು ಮಾಡಿದರು. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ: ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್, ಏಳು ವರ್ಷ ಮುಖ್ಯ ಬಿಡಿಭಾಗ, ಹೊರಗಿನ ರಿಪೇರಿಯವರಿಗೂ ಮಾಹಿತಿ. 2027ರ ಫೆಬ್ರವರಿಯಿಂದ ಬ್ಯಾಟರಿಯನ್ನು ಗ್ರಾಹಕರೇ ತೆಗೆದು ಹಾಕುವಂತಿರಬೇಕು ಅಂತ ಇನ್ನೊಂದು ನಿಯಮ, ಕೆಲವು ವಿನಾಯಿತಿ ಇವೆ. ಅದೇ ಕಂಪನಿಗಳು ಇಲ್ಲೂ ಮಾರುತ್ತವೆ. ಅಲ್ಲಿ ಕೊಡಲು ಆಗುವುದು ಇಲ್ಲಿ ಯಾಕೆ ಆಗಲ್ಲ?

ಜನಕ್ಕೆ ಇದೆಲ್ಲ ತಿಳಿಯಲ್ಲ ಅನ್ನಬೇಡಿ. ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಬಂದದ್ದು 2006ರಿಂದ ಈಚೆಗೆ. ಇವತ್ತು ಶಾಲೆ ಮೆಟ್ಟಿಲು ಹತ್ತದವರೂ ಅಂಗಡಿಯಲ್ಲಿ "ಎಷ್ಟ್ ಸ್ಟಾರ್ ಐತ್ರಿ?" ಅಂತಲೇ ಮೊದಲು ಕೇಳುತ್ತಾರೆ. ಅಂಕಿ ಕಣ್ಣಿಗೆ ಬಿದ್ದರೆ ಸಾಕು, ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ.

ಇನ್ನೊಂದು ಸಣ್ಣ ವಿಷಯ, ನಗರಸಭೆಯವರು ಓದಿದರೆ ಓದಲಿ. ನನ್ನ ಅಂಗಡಿಯ ಹಿಂದೆ ಮರಳು ತುಂಬಿದ ಬಕೆಟ್ ಇದೆ, ಅದರಲ್ಲಿ ಉಬ್ಬಿದ ಬ್ಯಾಟರಿಗಳು. ಗುಜರಿಯವರು ಬೋರ್ಡು ಒಯ್ಯುತ್ತಾರೆ, ಬ್ಯಾಟರಿ ಮುಟ್ಟಲ್ಲ. ಕಸದ ಗಾಡಿಗೆ ಹಾಕಿದರೆ ಒತ್ತಡಕ್ಕೆ ಬೆಂಕಿ ಹತ್ತುತ್ತದೆ, ಹಾಕಲು ಮನಸ್ಸು ಬರಲ್ಲ. ಹಳೇ ಬ್ಯಾಟರಿ ವಾಪಸ್ ತಗೊಳ್ಳುವ ಜವಾಬ್ದಾರಿ ಮಾಡಿದವರದು ಅಂತ 2022ರ ನಿಯಮ ಹೇಳುತ್ತದೆ. ನನ್ನ ಬಕೆಟ್ ಹತ್ತಿರ ಇನ್ನೂ ಯಾರೂ ಬಂದಿಲ್ಲ. ಈಗ ಎರಡನೇ ಬಕೆಟ್ ತಂದಿದ್ದೇನೆ.

ಈಗ ನಿಮ್ಮ ಅರ್ಧ ಪುಟಕ್ಕೆ ಬರುತ್ತೇನೆ. ಸರ್ಕಾರದ ಅಂಕ ಬಂದಾಗ ಬರಲಿ, ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ಹೊಸ ಫೋನಿನ ಬಗ್ಗೆ ಬರೆಯುವಾಗ ಮೂರು ಮಾತು ಕಂಪನಿಯವರನ್ನು ಕೇಳಿ ಹಾಕಿ: ಎಷ್ಟನೇ ಇಸವಿಯವರೆಗೆ ಅಪ್‌ಡೇಟ್, ಬ್ಯಾಟರಿ ಮತ್ತು ಡಿಸ್ಪ್ಲೇ ಬದಲಿಸಲು ಎಷ್ಟು ರೂಪಾಯಿ, ಬಾಗಲಕೋಟೆ ಜಿಲ್ಲೆಯಲ್ಲಿ ಸರ್ವಿಸ್ ಸೆಂಟರ್ ಇದೆಯೋ ಇಲ್ಲವೋ. ಅವರು ಉತ್ತರ ಕೊಡದಿದ್ದರೆ ಕೊಡಲಿಲ್ಲ ಅಂತಲೇ ಬರೆಯಿರಿ, ಅದೂ ನಮಗೆ ಸುದ್ದಿಯೇ. ಜಾಗ ಸಾಲದಿದ್ದರೆ ಮೆಗಾಪಿಕ್ಸೆಲ್ ಸಾಲು ತೆಗೆದುಬಿಡಿ.

ನಿಮ್ಮ ಓದುಗ,
ಮೊಬೈಲ್ ರಿಪೇರಿಯವನು
ನವನಗರ, ಬಾಗಲಕೋಟೆ